ಸೇಂಟ್ ಪಾಲ್‌ನ ಕೋರ್ಟು ಕಟ್ಟಡ: ಬರಗಾಲದಲ್ಲಿ ಬಂದ ಸಿರಿ

(ನಮ್ಮ ಬಳಗದ ತಿಂಗಳ ಸಭೆಯಲ್ಲಿ ಆಡಿದ ಮಾತುಗಳಿವು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಪರದೆ ಮೇಲಿನ ಚಿತ್ರ ನೋಡದವರಿಗೂ ತಿಳಿಯಲಿ ಅಂತ ಅಲ್ಲಲ್ಲಿ ಒಂದೆರಡು ಸಾಲು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕೋರ್ಟು ಕಟ್ಟಡದ ಬಗ್ಗೆ ಒಂದು ಗಂಟೆ ಮಾತಾಡ್ತೀನಿ ಅಂದಾಗ ನಮ್ಮ ಮನೆಯವರೇ ನಕ್ಕರು. ಕೋರ್ಟು ಮೆಟ್ಟಿಲು ಹತ್ತಬಾರದು ಅಂತ ದೊಡ್ಡವರು ಹೇಳಿದ್ದಾರೆ, ನೀವು ಹತ್ತಿದ್ದಲ್ಲದೆ ನಾಲ್ಕು ಜನರನ್ನು ಕರ್ಕೊಂಡು ಬೇರೆ ಹೋಗ್ತೀರಲ್ಲ ಅಂದರು. ಹೆದರಬೇಡಿ, ಇವತ್ತು ಯಾವ ಕೇಸೂ ಇಲ್ಲ. ಬರೀ ಕಟ್ಟಡ.

ಊರು ಸೇಂಟ್ ಪಾಲ್, ಅಮೆರಿಕದ ಮಿನೆಸೋಟ ರಾಜ್ಯದ ರಾಜಧಾನಿ. ನಾನು ಆರು ವರ್ಷ ಅಲ್ಲಿದ್ದೆ. ಮಿಸಿಸಿಪ್ಪಿ ನದಿಯ ದಂಡೆ. ನದಿಯ ಪಕ್ಕ ಬೆಳ್ಳಗಿನ ಕಲ್ಲಿನ ದಿಬ್ಬ ಕಡಿದಾಗಿ ಎದ್ದು ನಿಂತಿದೆ. ಅಲ್ಲಿನ ಮೂಲ ನಿವಾಸಿಗಳಾದ ಡಕೋಟ ಜನ ಆ ಜಾಗವನ್ನು ಇಮ್ನಿಜಾ ಸ್ಕಾ ಅಂತಾರೆ. ಬಿಳಿ ಬಂಡೆ ಅಂತ ಅರ್ಥ. ಆಮೇಲೆ ಬಿಳಿಯರು ಬಂದಾಗ ಪಾರಾಂಟ್ ಅನ್ನೋ ಒಬ್ಬ ಹೆಂಡದ ವ್ಯಾಪಾರಿ ಅಲ್ಲಿ ಅಂಗಡಿ ಇಟ್ಟ. ಒಂದು ಕಣ್ಣು ಕುರುಡು. ಜನ ಅವನನ್ನು ಹಂದಿಗಣ್ಣ ಅಂತ ಕರೆದರು, ಊರಿಗೂ ಅದೇ ಹೆಸರು ಅಂಟಿಕೊಂಡಿತು. 1841ರಲ್ಲಿ ಗಾಲ್ಟಿಯೆ ಅನ್ನೋ ಪಾದ್ರಿ ಮರದ ದಿಮ್ಮಿಗಳಿಂದ ಒಂದು ಪುಟ್ಟ ಚರ್ಚು ಕಟ್ಟಿ ಸಂತ ಪಾಲನ ಹೆಸರಿಟ್ಟರು. ಅವರ ಪುಣ್ಯ. ಇಲ್ಲದಿದ್ದರೆ ಇವತ್ತು ನಾನು ಹಂದಿಗಣ್ಣೂರಿನ ಕೋರ್ಟಿನ ಬಗ್ಗೆ ಮಾತಾಡಬೇಕಿತ್ತು.

ಆ ಬಿಳಿ ದಿಬ್ಬದ ತಲೆಯ ಮೇಲೆ 20 ಮಹಡಿಯ ಒಂದು ಕಟ್ಟಡ ಇದೆ. ಹೆಸರು ಉದ್ದ: ಸೇಂಟ್ ಪಾಲ್ ಸಿಟಿ ಹಾಲ್ ಮತ್ತು ರಾಮ್ಸೆ ಕೌಂಟಿ ಕೋರ್ಟ್‌ಹೌಸ್. ಅಂದರೆ ನಗರಸಭೆ ಮತ್ತು ಕೌಂಟಿ ಎರಡೂ ಒಂದೇ ಸೂರಿನಡಿ. ಕೌಂಟಿ ಅಂದರೆ ನಮ್ಮ ತಾಲೂಕು, ಜಿಲ್ಲೆಗಳ ಥರದ ಒಂದು ಆಡಳಿತದ ಪಾಲು ಅಂದುಕೊಳ್ಳಿ. ಅದಕ್ಕೊಂದು ಚುನಾಯಿತ ಮಂಡಳಿ ಇರುತ್ತೆ. ಕೋರ್ಟು, ಜಮೀನಿನ ದಾಖಲೆ, ತೆರಿಗೆ ಎಲ್ಲ ಅದರ ಮಟ್ಟದಲ್ಲಿ ನಡೆಯುತ್ತೆ. ಒಂದೇ ಕಟ್ಟಡದಲ್ಲಿ ಮೇಯರ್ ಕೂಡ ಇದ್ದಾರೆ, ನ್ಯಾಯಾಧೀಶರೂ ಇದ್ದಾರೆ. ಅವಿಭಕ್ತ ಕುಟುಂಬ. ಇದಕ್ಕೂ ಮೊದಲು 1880ರ ದಶಕದಲ್ಲಿ ಕಟ್ಟಿದ್ದ ಹಳೆ ಕಟ್ಟಡದಲ್ಲೂ ಇಬ್ಬರೂ ಒಟ್ಟಿಗೇ ಇದ್ದರು. ಅದು ಇಕ್ಕಟ್ಟಾಯಿತು ಅಂತಲೇ ಹೊಸದರ ಮಾತು ಬಂದದ್ದು.

ನಾನು ಮೊದಲ ಸಲ ಒಳಗೆ ಹೋದದ್ದು ಕಟ್ಟಡ ನೋಡೋಕಲ್ಲ. ಜನವರಿ ತಿಂಗಳು. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಬಸ್ಸು ಕೈಕೊಟ್ಟಿತ್ತು. ಮೂಗಿನೊಳಗಿನ ಕೂದಲು ಹೆಪ್ಪುಗಟ್ಟಿ ಚುಚ್ಚೋಕೆ ಶುರುವಾದಾಗ ಎದುರಿಗೆ ಕಂಡ ಬಾಗಿಲಿಗೆ ನುಗ್ಗಿದೆ. ಅದು ಫೋರ್ತ್ ಸ್ಟ್ರೀಟ್ ಕಡೆಯ ಬಾಗಿಲು.

ಹೊರಗೆ ಹಿಮದ ಬೆಳಕು ಕಣ್ಣು ಕುಕ್ಕುತ್ತಿತ್ತು. ಒಳಗೆ ಕಾಲಿಟ್ಟರೆ ಕತ್ತಲೆ. ಎರಡು ನಿಮಿಷ ಏನೂ ಕಾಣಲಿಲ್ಲ. ಆಮೇಲೆ ಕಂಡದ್ದು ಉದ್ದನೆಯ ಹಜಾರ. ಎತ್ತರ ಮೂರು ಮಹಡಿಯಷ್ಟು. ಎರಡೂ ಕಡೆ ಕಡುನೀಲಿ ಮಾರ್ಬಲ್ಲಿನ ಕಂಬದಂಥ ಗೋಡೆಗಳು. ನೀಲಿ ಅಂತ ಹೇಳ್ತೀನಿ, ಆದರೆ ಆ ಬೆಳಕಲ್ಲಿ ಹೆಚ್ಚುಕಮ್ಮಿ ಕಪ್ಪೇ. ಬೆಲ್ಜಿಯಂನಿಂದ ತರಿಸಿದ ಕಲ್ಲು. ತಲೆ ಎತ್ತಿದರೆ ಚಿನ್ನದ ಬಣ್ಣದ ಕನ್ನಡಿಯ ಚಾವಣಿ. ಗೋಡೆಗಳು ಅದರಲ್ಲಿ ಪ್ರತಿಫಲಿಸಿ ಇನ್ನೂ ಎತ್ತರಕ್ಕೆ ಹೋದ ಹಾಗೆ ಕಾಣುತ್ತೆ. ಆ ಕತ್ತಲ ತುದಿಯಲ್ಲಿ, ಕೆನೆ ಬಣ್ಣದ ಒಂದು ಭಾರೀ ಮೂರ್ತಿ. ತಾನೇ ಬೆಳಕು ಬಿಡುತ್ತಿದೆಯೇನೋ ಅನ್ನಿಸುವ ಹಾಗೆ.

ನನಗೆ ಕೂಡಲೇ ನೆನಪಾದದ್ದು ನಮ್ಮ ಕಡೆಯ ಹಳೇ ದೇವಸ್ಥಾನ. ಬಿಸಿಲಿಂದ ಒಳಗೆ ಹೋಗ್ತೀರಿ, ನವರಂಗದಲ್ಲಿ ಕಣ್ಣು ಹೊಂದಿಸಿಕೊಳ್ಳೋಕೆ ಒಂದು ಕ್ಷಣ ನಿಲ್ತೀರಿ, ಆಮೇಲೆ ದೂರದಲ್ಲಿ ಗರ್ಭಗುಡಿಯ ದೀಪ ಕಾಣುತ್ತೆ. ಅಲ್ಲೂ ಹಾಗೇ. ಚಪ್ಪಲಿ ಬಿಡಬೇಕಾ ಅಂತ ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ಪಕ್ಕದಲ್ಲೊಬ್ಬರು ಫೈಲು ಹಿಡಿದು ಫೋನಲ್ಲಿ ಬೈತಾ ಹೋದರು. ಆಗ ಇದು ಕೋರ್ಟು ಅಂತ ಖಾತ್ರಿಯಾಯಿತು.

ಮನೆಗೆ ಬಂದು ಹುಡುಕಿದೆ, ಇದು ಯಾವಾಗಿನದು ಅಂತ. 1932. ಓದಿ ತಲೆ ಕೆರೆದುಕೊಂಡೆ. 1932 ಅಂದರೆ ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಅತಿ ಕೆಟ್ಟ ದಿನಗಳು. ಮುಂದಿನ ವರ್ಷದ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಮಿನೆಸೋಟದ ಉತ್ತರಕ್ಕೆ ಕಬ್ಬಿಣದ ಗಣಿಗಳಿವೆ. ಅಲ್ಲಿ 1932ರಲ್ಲಿ ನೂರಕ್ಕೆ ಎಪ್ಪತ್ತು ಜನ ಕೂತಿದ್ದರು. ನದಿ ದಾಟಿದರೆ ಅವಳಿ ನಗರ ಮಿನಿಯಾಪೊಲಿಸ್. ಅಲ್ಲಿ 1931ರ ಫೆಬ್ರವರಿಯಲ್ಲಿ ಹಸಿದ ಜನ ದಿನಸಿ ಅಂಗಡಿಯ ಗಾಜು ಒಡೆದು ನುಗ್ಗಿದರು. ಮಾಂಸ, ಹಣ್ಣು, ಡಬ್ಬಿ ಆಹಾರ, ಕೈಗೆ ಸಿಕ್ಕಿದ್ದನ್ನು ಹೊತ್ತುಕೊಂಡು ಹೋದರು. ಅಂಗಡಿಯವನು ಪಿಸ್ತೂಲು ತೆಗೆದ, ಜನ ಅವನ ಕೈ ಮುರಿದರು.

ಅಂಥ ಹೊತ್ತಲ್ಲಿ ಬೆಲ್ಜಿಯಂ ಮಾರ್ಬಲ್ಲು? ಚಿನ್ನದ ಬಣ್ಣದ ಚಾವಣಿ? ಯಾರ ದುಡ್ಡು ಇದು?

ನನ್ನ ಇವತ್ತಿನ ಮಾತೆಲ್ಲ ಈ ಪ್ರಶ್ನೆಗೆ ಉತ್ತರ.

ಇಲ್ಲಿ ತಾರೀಖುಗಳನ್ನು ಸ್ವಲ್ಪ ಗಮನವಿಟ್ಟು ನೋಡಬೇಕು. 1930ರ ದಶಕದ ಕಟ್ಟಡ ಅಂದ ಕೂಡಲೇ ಅಮೆರಿಕದವರೂ ರೂಸ್‌ವೆಲ್ಟ್ ಹೆಸರು ಹೇಳ್ತಾರೆ. ಕೇಂದ್ರ ಸರ್ಕಾರ ಕೆಲಸವಿಲ್ಲದವರಿಗೆ ಕೆಲಸ ಕೊಡೋಕೆ ದುಡ್ಡು ಸುರಿದು ಅಂಚೆ ಕಚೇರಿ, ಶಾಲೆ, ಸೇತುವೆ, ಕೋರ್ಟು ಕಟ್ಟಿಸಿತಲ್ಲ, ಅದರದ್ದೇ ಇದೂ ಇರಬೇಕು ಅಂತ. ಅಲ್ಲ. ಈ ಕಟ್ಟಡ ಮುಗಿದದ್ದು 1932ರ ಕೊನೆಗೆ. ರೂಸ್‌ವೆಲ್ಟ್ ಅಧಿಕಾರಕ್ಕೆ ಬಂದದ್ದು 1933ರ ಮಾರ್ಚ್‌ನಲ್ಲಿ. ಆ ಯೋಜನೆಗಳು ಹುಟ್ಟೋ ಮೊದಲೇ ಇದು ಎದ್ದು ನಿಂತಿತ್ತು.

ದುಡ್ಡು ಬಂದದ್ದು ಊರವರ ಸಾಲದಿಂದ. ಅಲ್ಲಿ ನಗರ ಅಥವಾ ಕೌಂಟಿ ದೊಡ್ಡ ಕೆಲಸ ಮಾಡಬೇಕು ಅಂದರೆ ಬಾಂಡ್ ಮಾರಿ ಸಾಲ ಎತ್ತುತ್ತೆ. ಎಷ್ಟೋ ಸಲ ಅದಕ್ಕೆ ಮೊದಲು ಜನರ ಮತ ಕೇಳಬೇಕು. ಯಾಕಂದರೆ ತೀರಿಸುವವರು ಅವರೇ ತಾನೇ, ಮನೆ ಕಂದಾಯದಲ್ಲಿ. ಸೇಂಟ್ ಪಾಲ್ ಜನ 1928ರಲ್ಲಿ ಊರನ್ನು ಸುಧಾರಿಸೋಕೆ ಒಂದು ದೊಡ್ಡ ಸಾಲಕ್ಕೆ ಒಪ್ಪಿದರು. ಅದರಲ್ಲಿ 40 ಲಕ್ಷ ಡಾಲರ್ ಈ ಕಟ್ಟಡಕ್ಕೆ. 1928 ಅಂದರೆ ಎಲ್ಲ ಕಡೆ ಉಬ್ಬರ. ಷೇರು ಏರುತ್ತಿತ್ತು, ಕೈಯಲ್ಲಿ ಕಾಸಿತ್ತು, ಊರಿಗೆ ಮುಂದೆ ಏನಾಗಬೇಕು ಅನ್ನೋ ಕನಸಿತ್ತು. ಒಂದು ವರ್ಷದೊಳಗೆ, 1929ರ ಅಕ್ಟೋಬರ್‌ನಲ್ಲಿ, ಷೇರುಪೇಟೆ ಬಿತ್ತು.

ಈಗ ಲೆಕ್ಕ ಹಾಕಿ. ದುಡ್ಡು ಮಂಜೂರಾದದ್ದು ಬೆಲೆ ಮೇಲಿದ್ದಾಗ. ಖರ್ಚು ಮಾಡಿದ್ದು ಬೆಲೆ ನೆಲ ಕಚ್ಚಿದಾಗ. ಕಲ್ಲು ಅಗ್ಗ, ಉಕ್ಕು ಅಗ್ಗ, ಮರ ಅಗ್ಗ. ಎಲ್ಲಕ್ಕಿಂತ ಜಾಸ್ತಿ, ಆಳು ಅಗ್ಗ. ಬೇರೆ ಕಡೆ ಕೆಲಸ ನಿಂತುಹೋಗಿತ್ತು. ನುರಿತ ಬಡಗಿ, ಕಲ್ಲುಕುಟಿಗ, ಕಂಚಿನ ಕೆಲಸದವರು ಸಿಕ್ಕಿದ ಕೂಲಿಗೆ ಬಂದರು. ಅದೇ 40 ಲಕ್ಷ ಈಗ ಮೊದಲು ಅಂದುಕೊಂಡದ್ದಕ್ಕಿಂತ ಎಷ್ಟೋ ಹೆಚ್ಚು ಕೊಳ್ಳುತ್ತಿತ್ತು. ಅಂದುಕೊಂಡದ್ದು ಒಂದು ಅಚ್ಚುಕಟ್ಟಾದ ಸರ್ಕಾರಿ ಕಚೇರಿ. ಕೈಗೆ ಬಂದದ್ದು ಅರಮನೆ.

ಮದುವೆಗೆ ಅಂತ ಕೂಡಿಟ್ಟ ದುಡ್ಡಲ್ಲಿ, ಚಿನ್ನದ ಬೆಲೆ ಬಿದ್ದ ವಾರ ಒಡವೆ ಕೊಂಡ ಹಾಗೆ ಅನ್ನಬಹುದು. ಆದರೆ ಆ ವಾರ ಚಿನ್ನ ಬಿದ್ದದ್ದು ಯಾಕೆ? ಪಕ್ಕದ ಮನೆಯವರು ತಾಳಿ ಮಾರಿದ್ದಕ್ಕೆ. ಇದನ್ನೂ ಜೊತೆಗೆ ಹೇಳಬೇಕಾಗುತ್ತೆ. ಆ ಕಟ್ಟಡದ ಒಂದೊಂದು ಬಾಗಿಲ ಹಿಡಿಕೆಯಲ್ಲೂ ಕೆಲಸವಿಲ್ಲದವನ ಕೈಗುಣ ಅಗ್ಗಕ್ಕೆ ಸಿಕ್ಕ ಕಥೆ ಇದೆ. ಹಾಗಂತ ಕಟ್ಟಬಾರದಿತ್ತು ಅಂತ ನಾನು ಹೇಳಲ್ಲ. ಅಷ್ಟು ಜನಕ್ಕೆ ಆ ಎರಡು ವರ್ಷ ಊಟ ಹುಟ್ಟಿದ್ದೂ ಇದರಿಂದಲೇ.

ಅದೇ ಹೊತ್ತಿಗೆ ನದಿಯಾಚೆ ಮಿನಿಯಾಪೊಲಿಸ್‌ನಲ್ಲಿ ಫೋಶೇ ಅನ್ನೋ ವ್ಯಾಪಾರಿಯ ಕಥೆ ನಡೆದಿತ್ತು. ತನ್ನ ಹೆಸರಿಟ್ಟು 32 ಮಹಡಿಯ ಗೋಪುರ ಕಟ್ಟಿಸಿದ. 1929ರ ಆಗಸ್ಟ್‌ನಲ್ಲಿ ಅದ್ದೂರಿ ಉದ್ಘಾಟನೆ. ಖ್ಯಾತ ಬ್ಯಾಂಡ್ ಮಾಸ್ಟರ್ ಸೂಸಾ ಬಂದು ಹೊಸ ಮಾರ್ಚು ನುಡಿಸಿದರು. ಎರಡು ತಿಂಗಳಲ್ಲಿ ಷೇರುಪೇಟೆ ಬಿತ್ತು, ಫೋಶೇ ಮುಳುಗಿದ. ಸೂಸಾಗೆ ಕೊಟ್ಟ ಚೆಕ್ಕೂ ಬೌನ್ಸ್. ಕೊನೆಗೆ ವಂಚನೆ ಕೇಸಲ್ಲಿ ಜೈಲಿಗೂ ಹೋದ. ಒಬ್ಬ ಕುಸಿತಕ್ಕೆ ಮೊದಲು ಖರ್ಚು ಮಾಡಿದ, ಇನ್ನೊಂದು ಊರು ಕುಸಿತದ ಆಮೇಲೆ ಮಾಡಿತು. ಅಷ್ಟೇ ವ್ಯತ್ಯಾಸ. ಸೇಂಟ್ ಪಾಲ್‌ನವರದ್ದು ಜಾಣತನ ಅಂತ ನನಗನ್ನಿಸಲ್ಲ, ಅದೃಷ್ಟ.

ಸರಿ, ಕಟ್ಟಡಕ್ಕೆ ಬರೋಣ. (ಚಿತ್ರ.) ಇದು ನದಿ ಕಡೆಯಿಂದ ತೆಗೆದದ್ದು.

ಕೋರ್ಟು ಅಂದರೆ ನಮ್ಮ ಕಣ್ಣಿಗೆ ಬರೋದು ಬೆಂಗಳೂರಿನ ಅಠಾರ ಕಚೇರಿ. ಕೆಂಪು ಬಣ್ಣ, ಸಾಲು ಕಂಬ. ಅಮೆರಿಕದಲ್ಲೂ ಹಾಗೇ ಇತ್ತು. ಗುಮ್ಮಟ, ಕಂಬ, ಅಗಲ ಮೆಟ್ಟಿಲು, ಗಡಿಯಾರದ ಗೋಪುರ. ಇದೇ ಊರಲ್ಲಿ ಒಂದಷ್ಟು ದೂರದ ಗುಡ್ಡದ ಮೇಲೆ ರಾಜ್ಯದ ಶಾಸನಸಭೆ ಇದೆ. 1905ರದ್ದು, ಕ್ಯಾಸ್ ಗಿಲ್ಬರ್ಟ್ ವಿನ್ಯಾಸ. ಬಿಳಿ ಮಾರ್ಬಲ್ ಗುಮ್ಮಟ, ಮೇಲೆ ಬಂಗಾರದ ಕುದುರೆಗಳು. ಸರ್ಕಾರ ಅಂದರೆ ಹೀಗಿರಬೇಕು ಅಂತ ಆಗಿನ ಕಾಲಕ್ಕೆ ಒಪ್ಪಿತವಾಗಿದ್ದ ವೇಷ ಅದು.

ಕೋರ್ಟಿನ ಕಟ್ಟಡದಲ್ಲಿ ಇದೊಂದೂ ಇಲ್ಲ. ಗುಮ್ಮಟ ಇಲ್ಲ, ಕಂಬ ಇಲ್ಲ. ಷಿಕಾಗೋದ ಹೋಲಬರ್ಡ್ ಅಂಡ್ ರೂಟ್ ಅನ್ನೋ ಸಂಸ್ಥೆ ನಕ್ಷೆ ಹಾಕಿತು. ಊರಿನ ಎಲರ್ಬಿ ಸಂಸ್ಥೆ ಜೊತೆಗಿತ್ತು. ಹೊರಗೆಲ್ಲ ಇಂಡಿಯಾನ ರಾಜ್ಯದ ನುಣುಪಾದ ಸುಣ್ಣದ ಕಲ್ಲು. ಕಿಟಕಿಗಳನ್ನು ನೋಡಿ. ಒಂದರ ಮೇಲೊಂದು ಕಿಟಕಿ, ಮಧ್ಯದ ಜಾಗಕ್ಕೆ ಕಪ್ಪು ಹಲಗೆ. ಹಾಗಾಗಿ ಬಿಡಿ ಬಿಡಿ ಕಿಟಕಿ ಕಣ್ಣಿಗೆ ಬೀಳಲ್ಲ. ಕೆಳಗಿಂದ ಮೇಲಕ್ಕೆ ಎಳೆದ ಕಪ್ಪು ಗೆರೆಗಳಾಗಿ ಕಾಣುತ್ತೆ. ಕಪ್ಪು ಅಂಚಿನ ಬಿಳಿ ಸೀರೆಯ ನೆರಿಗೆ ಥರ. 20 ಮಹಡಿ ಅಷ್ಟೇನೂ ಎತ್ತರ ಅಲ್ಲ. ಆ ಗೆರೆಗಳಿಂದಾಗಿ ಅದು ಇರೋದಕ್ಕಿಂತ ಎತ್ತರ ಅನ್ನಿಸುತ್ತೆ. ಬುಡ ಅಗಲ, ಮೇಲೆ ಹೋದ ಹಾಗೆ ಮೆಟ್ಟಿಲಿನಂತೆ ಹಿಂದೆ ಸರಿಯುತ್ತೆ.

ಈ ಆಕಾರಕ್ಕೂ ಒಂದು ಮೂಲ ಇದೆ. 1922ರಲ್ಲಿ ಷಿಕಾಗೋದ ಟ್ರಿಬ್ಯೂನ್ ಪತ್ರಿಕೆ ತನ್ನ ಹೊಸ ಕಚೇರಿಗೆ ಜಗತ್ತಿನ ವಾಸ್ತುಶಿಲ್ಪಿಗಳಿಗೆಲ್ಲ ಸ್ಪರ್ಧೆ ಇಟ್ಟಿತ್ತು. ಫಿನ್‌ಲ್ಯಾಂಡಿನ ಎಲಿಯೆಲ್ ಸಾರಿನೆನ್ ಕಳಿಸಿದ ನಕ್ಷೆಗೆ ಎರಡನೇ ಬಹುಮಾನ. ಗೆದ್ದ ನಕ್ಷೆ ಕಟ್ಟಡವಾಯಿತು. ಸೋತ ನಕ್ಷೆ ಕಟ್ಟಡವಾಗಲಿಲ್ಲ, ಆದರೆ ಅಮೆರಿಕದ ತುಂಬ ಎಲ್ಲರೂ ಅದನ್ನೇ ನೋಡಿ ಕಲಿತರು. ಮೇಲೆ ಹೋದಂತೆ ಹಿಂದೆ ಸರಿಯೋದು, ಉದ್ದುದ್ದ ಗೆರೆ, ಕಮ್ಮಿ ಅಲಂಕಾರ. ಸೇಂಟ್ ಪಾಲ್‌ನ ಕಟ್ಟಡ ಆ ಸೋತ ನಕ್ಷೆಯ ಸಂಬಂಧಿಕನೇ. ಸಾರಿನೆನ್ ಮರುವರ್ಷ ಅಮೆರಿಕಕ್ಕೇ ಬಂದು ನೆಲೆಸಿದರು. ಮಿಷಿಗನ್ ರಾಜ್ಯದ ಕ್ರ್ಯಾನ್‌ಬ್ರೂಕ್ ಅನ್ನೋ ಜಾಗದಲ್ಲಿ ಕಲಾಶಾಲೆ ಕಟ್ಟಿದರು. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ಬಾಗಿಲುಗಳ ಹತ್ತಿರ ಕಲ್ಲಿನಲ್ಲೇ ಉಬ್ಬು ಕೆತ್ತನೆಗಳಿವೆ. ಲೀ ಲಾರಿ ಅನ್ನೋ ಶಿಲ್ಪಿ ಮಾಡಿದ್ದು. ನ್ಯೂಯಾರ್ಕಿಗೆ ಹೋದವರು ರಾಕ್‌ಫೆಲ್ಲರ್ ಸೆಂಟರ್ ಮುಂದೆ ಭೂಗೋಳ ಹೊತ್ತ ಅಟ್ಲಾಸನ ಕಂಚಿನ ಮೂರ್ತಿಯ ಮುಂದೆ ಫೋಟೋ ತೆಗೆಸಿಕೊಂಡಿರ್ತೀರಿ. ಅದೂ ಇವರದ್ದೇ, ಇದಕ್ಕಿಂತ ಐದು ವರ್ಷ ಆಮೇಲಿನದು. ಲಿಫ್ಟಿನ ಬಾಗಿಲುಗಳು ಕಂಚಿನವು, ಅವುಗಳ ಮೇಲೂ ಚಿತ್ರಗಳು. ನಾನು ಅಲ್ಲಿ ಸುಮ್ನೆ ಒಂದು ಸಲ ಲಿಫ್ಟಿಗೆ ಕಾದು, ಬಾಗಿಲು ತೆಗೆದಾಗ ಒಳಗೆ ಹೋಗದೆ ಅಲ್ಲೇ ನಿಂತಿದ್ದೆ. ಬಾಗಿಲು ತೆಗೆದರೆ ಚಿತ್ರ ಹೋಗಿಬಿಡುತ್ತಲ್ಲ! ಒಳಗಿದ್ದವರು ವಿಚಿತ್ರವಾಗಿ ನೋಡಿದರು. ಕೋರ್ಟಿನ ಕೋಣೆಗಳ ಗೋಡೆಗೆ ಬೇರೆ ಬೇರೆ ಜಾತಿಯ ಮರದ ಹೊದಿಕೆ. ಒಂದು ಕಡೆ ಜೇನಿನ ಬಣ್ಣ, ಇನ್ನೊಂದು ಕಡೆ ಕಾಫಿ ಬಣ್ಣ. ಮರದ ಎಳೆಗಳು ಎರಡು ಹಲಗೆಗಳ ಮಧ್ಯೆ ಕನ್ನಡಿ ಹಿಡಿದ ಹಾಗೆ ಕೂಡುತ್ತವೆ. ಇದೂ ಬೆಲೆ ಬಿದ್ದಿದ್ದರಿಂದ ಸಾಧ್ಯವಾದದ್ದೇ.

ಈಗ ಆ ಮೂರ್ತಿ.

ಹಜಾರದ ಹೆಸರು ಮೆಮೋರಿಯಲ್ ಹಾಲ್. ಮೊದಲನೇ ಮಹಾಯುದ್ಧದಲ್ಲಿ ಸತ್ತ ಕೌಂಟಿಯ ಸೈನಿಕರ ನೆನಪಿಗೆ. ಅವರ ಹೆಸರುಗಳು ಅಲ್ಲಿ ಕೆತ್ತಿವೆ. ಅಲ್ಲೊಂದು ಸ್ಮಾರಕ ಬೇಕು ಅಂತ ಸ್ವೀಡನ್ನಿನ ಶಿಲ್ಪಿ ಕಾರ್ಲ್ ಮಿಲ್ಲೆಸ್‌ಗೆ ಕೇಳಿದರು. ಮಿಲ್ಲೆಸ್ ಆಗಷ್ಟೇ, 1931ರಲ್ಲಿ, ಅಮೆರಿಕಕ್ಕೆ ಬಂದಿದ್ದರು. ಎಲ್ಲಿಗೆ? ಕ್ರ್ಯಾನ್‌ಬ್ರೂಕ್‌ಗೆ, ಸಾರಿನೆನ್ ಶಾಲೆಗೆ. ಮಿನೆಸೋಟದಲ್ಲಿ ಸ್ವೀಡನ್ ಮೂಲದವರು ತುಂಬಾ ಜಾಸ್ತಿ, ಅದೂ ಒಂದು ನಂಟು.

ಯುದ್ಧ ಸ್ಮಾರಕ ಅಂದರೆ ಬಂದೂಕು ಹಿಡಿದ ಸಿಪಾಯಿ, ರೆಕ್ಕೆ ಇರುವ ವಿಜಯಲಕ್ಷ್ಮಿ. ಮಿಲ್ಲೆಸ್‌ಗೆ ಅದು ಬೇಡವಾಗಿತ್ತು. ಅವರು ಒಕ್ಲಹೋಮದಲ್ಲಿ ಮೂಲ ನಿವಾಸಿಗಳ ಒಂದು ಕೂಟವನ್ನು ನೋಡಿದ್ದರು. ಅದನ್ನೇ ಹಿಡಿದರು. ಬುಡದಲ್ಲಿ ಐವರು ಬೆಂಕಿಯ ಸುತ್ತ ಕೂತಿದ್ದಾರೆ, ಕೈಯಲ್ಲಿ ಶಾಂತಿಯ ಚಿಲುಮೆ. ಆ ಹೊಗೆಯೊಳಗಿಂದ ಶಾಂತಿಯ ದೇವತೆ ಮೇಲೇಳುತ್ತಿದೆ. ಒಂದು ಕೈ ಮುಂದಕ್ಕೆ ಚಾಚಿದೆ. ಮುಖ ಗಂಭೀರ. ನಗು ಇಲ್ಲ, ಸಿಟ್ಟೂ ಇಲ್ಲ.

ಎತ್ತರ 36 ಅಡಿ. ನಮ್ಮ ವೇಣೂರಿನ ಗೊಮ್ಮಟ 35 ಅಡಿ ಅಂತಾರಲ್ಲ, ಹೆಚ್ಚುಕಮ್ಮಿ ಅಷ್ಟೇ. ಆದರೆ ಗೊಮ್ಮಟ ಒಂದೇ ಕಲ್ಲು, ಬಯಲಲ್ಲಿ ಬಿಸಿಲು ಮಳೆಗೆ ಒಡ್ಡಿ ನಿಂತವನು. ಇವನು ಮೆಕ್ಸಿಕೋದ ಓನಿಕ್ಸ್ ಕಲ್ಲಿನ ನೂರರ ಹತ್ತಿರ ತುಂಡುಗಳನ್ನು ಜೋಡಿಸಿ ಆದವನು, ಕತ್ತಲ ಮನೆಯೊಳಗೆ ಇರುವವನು. ತೂಕ 60 ಟನ್. ಓನಿಕ್ಸ್ ಮಾರ್ಬಲ್ಲಿನ ಥರ ಮೇಲಷ್ಟೇ ಹೊಳೆಯಲ್ಲ. ಬೆಳಕು ಸ್ವಲ್ಪ ಒಳಗೆ ಇಳಿದು ವಾಪಸ್ಸು ಬರುತ್ತೆ. ಬೆರಳ ಸಂದಿಯಿಂದ ಟಾರ್ಚು ಬಿಟ್ಟಾಗ ಚರ್ಮ ಕಾಣೋ ಹಾಗೆ. ಆವತ್ತು ನನಗೆ ತಾನೇ ಬೆಳಗುತ್ತಿದ್ದಾನೆ ಅನ್ನಿಸಿದ್ದು ಅದಕ್ಕೇ. ಕೆತ್ತಿದವರು ಗರಾಟಿ ಅನ್ನೋ ಕುಶಲಕರ್ಮಿ ಮತ್ತು ಅವರ ಜೊತೆಗಾರರು. ಕಟ್ಟಡ ಮುಗಿದು ಮೂರು ವರ್ಷ ದಾಟಿದ ಮೇಲೆ, 1936ರ ಮೇ 30ರಂದು, ಯುದ್ಧದಲ್ಲಿ ಮಡಿದವರನ್ನು ನೆನೆಯುವ ದಿನ, ಮೂರ್ತಿ ಅನಾವರಣಗೊಂಡಿತು.

ಜನ ಏನಂದರು? ಊರಿನವರು ಯಾವ ಊರಲ್ಲಾದರೂ ಒಂದೇ. ಓನಿಕ್ಸ್ ಜಾನ್ ಅಂತ ಅಡ್ಡಹೆಸರಿಟ್ಟರು.

ಕಟ್ಟಡದ ಇನ್ನೊಂದು ಮುಖ ಇರುವ ರಸ್ತೆಯ ಹೆಸರು ಕೆಲಾಗ್ ಬುಲೆವಾರ್ಡ್. ಕಾರ್ನ್‌ಫ್ಲೇಕ್ಸ್ ಕೆಲಾಗ್ ಅಲ್ಲ! ಇವರು ಫ್ರಾಂಕ್ ಕೆಲಾಗ್, ಇದೇ ಊರಿನ ವಕೀಲರು, ಅಮೆರಿಕದ ವಿದೇಶಾಂಗ ಮಂತ್ರಿ ಆಗಿದ್ದವರು. ದೇಶಗಳು ಯುದ್ಧವನ್ನೇ ಬಿಟ್ಟುಬಿಡಬೇಕು ಅಂತ 1928ರಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿಸಿದರು, ಅದಕ್ಕೆ 1929ರ ನೊಬೆಲ್ ಶಾಂತಿ ಬಹುಮಾನ ಬಂತು. ಅಂದರೆ ಊರವರು ಸಾಲಕ್ಕೆ ಒಪ್ಪಿದ ವರ್ಷವೇ ಈ ಒಪ್ಪಂದ. ನದಿ ಪಕ್ಕದ ಹಳೇ ಥರ್ಡ್ ಸ್ಟ್ರೀಟನ್ನು ಅಗಲ ಮಾಡಿ ಅವರ ಹೆಸರಿಟ್ಟರು. ಒಂದು ಬಾಗಿಲಲ್ಲಿ ಯುದ್ಧ ಬೇಡ ಅಂದವರ ಹೆಸರು, ಒಳಗೆ ಶಾಂತಿಯ ಮೂರ್ತಿ. ಮೂರ್ತಿ ನಿಂತು ಮೂರೇ ವರ್ಷಕ್ಕೆ ಎರಡನೇ ಮಹಾಯುದ್ಧ ಶುರುವಾಯಿತು. ಹಜಾರದ ಗೋಡೆಗೆ ಇನ್ನಷ್ಟು ಹೆಸರು ಸೇರಿದವು. ಆಮೇಲೆ ಕೊರಿಯಾ, ವಿಯೆಟ್ನಾಂ.

ಇದಕ್ಕಿಂತ ಇರಿಯೋ ವಿಷಯ ಇನ್ನೊಂದಿದೆ. ಕೌಂಟಿಯ ಹೆಸರು ರಾಮ್ಸೆ ಅಂತ ಹೇಳಿದೆ ಅಲ್ವಾ? ಅಲೆಕ್ಸಾಂಡರ್ ರಾಮ್ಸೆ, ಮಿನೆಸೋಟದ ಮೊದಲ ಆಡಳಿತಗಾರ, ಆಮೇಲೆ ರಾಜ್ಯದ ಗವರ್ನರ್. 1862ರಲ್ಲಿ ಡಕೋಟ ಜನಕ್ಕೆ ಕೊಡಬೇಕಾದ ದುಡ್ಡು ಬರಲಿಲ್ಲ, ಹಸಿವಲ್ಲಿ ತಿರುಗಿಬಿದ್ದರು, ಯುದ್ಧ ಆಯಿತು. ಆಗ ಇದೇ ರಾಮ್ಸೆ, ಅವರನ್ನು ನಿರ್ನಾಮ ಮಾಡಬೇಕು, ಇಲ್ಲವೇ ರಾಜ್ಯದ ಗಡಿಯಾಚೆ ಶಾಶ್ವತವಾಗಿ ಓಡಿಸಬೇಕು ಅಂತ ಬಹಿರಂಗವಾಗಿ ಹೇಳಿದರು. ಆ ಡಿಸೆಂಬರ್ 26ರಂದು ಮ್ಯಾಂಕೇಟೊ ಅನ್ನೋ ಊರಲ್ಲಿ 38 ಡಕೋಟ ಗಂಡಸರನ್ನು ಒಟ್ಟಿಗೆ ಗಲ್ಲಿಗೇರಿಸಿದರು. ಉಳಿದವರಲ್ಲಿ ಬಹುಪಾಲು ಜನರನ್ನು ರಾಜ್ಯದಿಂದ ಹೊರಗೆ ಹಾಕಿದರು.

ಎಪ್ಪತ್ತನಾಲ್ಕು ವರ್ಷ ಆದ ಮೇಲೆ, ಆ ರಾಮ್ಸೆ ಹೆಸರಿನ ಕೋರ್ಟಿನೊಳಗೆ, ಮೂಲ ನಿವಾಸಿಯ ರೂಪದ ಶಾಂತಿಮೂರ್ತಿ. ಇದನ್ನು ಪ್ರಾಯಶ್ಚಿತ್ತ ಅನ್ನೋಣ ಅಂದರೆ ಯಾರೂ ಹಾಗೆ ಹೇಳಿ ಮಾಡಿದ್ದಲ್ಲ. ಮಿಲ್ಲೆಸ್‌ಗೆ ಅದೊಂದು ಸುಂದರ ಕಲ್ಪನೆ. ನನಗೆ ಮೂರ್ತಿ ಇಷ್ಟ, ಮುಚ್ಚಿಡಲ್ಲ. ಆದರೆ ಒಕ್ಲಹೋಮದಲ್ಲಿ ನೋಡಿದ್ದನ್ನು ತಂದು ಡಕೋಟ ನೆಲದಲ್ಲಿ ನಿಲ್ಲಿಸಿದ್ದು, ಎಲ್ಲ ಬುಡಕಟ್ಟೂ ಒಂದೇ ಅಂದುಕೊಂಡದ್ದು, ಅದು ಕಣ್ಣಿಗೆ ಚುಚ್ಚುತ್ತೆ. ಮೊದಲು ಇದ್ದ ಹೆಸರೂ ಬರೀ ಇಂಡಿಯನ್ನರ ಶಾಂತಿ ದೇವರು ಅನ್ನೋ ಥರದ್ದು. 1994ರಲ್ಲಿ ಮಿನೆಸೋಟದ ಬುಡಕಟ್ಟುಗಳ ಜನರ ಜೊತೆ ಸೇರಿ ಹೊಸ ಹೆಸರಿಟ್ಟರು. ಕನ್ನಡದಲ್ಲಿ ಹೇಳೋದಾದರೆ ಶಾಂತಿಯ ಕನಸು.

ಮೂರನೇ ಮಹಡಿಯ ನಗರಸಭೆಯ ಸಭಾಂಗಣದಲ್ಲಿ ಇದೇ ಜಗಳ ಇನ್ನೂ ಬಿಸಿಯಾಗಿತ್ತು. ಅಲ್ಲಿ ಷಿಕಾಗೋದ ಜಾನ್ ನಾರ್ಟನ್ ಬರೆದ ನಾಲ್ಕು ದೊಡ್ಡ ಗೋಡೆಚಿತ್ರಗಳಿವೆ. ತುಪ್ಪಳದ ವ್ಯಾಪಾರಕ್ಕೆ ದೋಣಿ ನಡೆಸಿದವನು, ಹಬೆ ಹಡಗಿನ ಕ್ಯಾಪ್ಟನ್, ಸರ್ವೆ ಮಾಡುವವನು, ರೈಲು ಹಳಿ ಹಾಕುವವನು. ನಡುವೆ ಭಾರೀ ಗಾತ್ರದ ಬಿಳಿ ಗಂಡಸು, ಸುತ್ತ ಸಣ್ಣಗೆ ಉಳಿದವರು. ಅವರಲ್ಲಿ ಮೂಲ ನಿವಾಸಿಗಳೂ ಇದ್ದಾರೆ, ತಲೆ ತಗ್ಗಿಸಿಕೊಂಡು. ದೂರು ಹೇಳೋಕೆ ಬಂದ ಡಕೋಟ ಹೆಂಗಸು ಆ ಚಿತ್ರದ ಕೆಳಗೆ ನಿಂತು ಮಾತಾಡಬೇಕಲ್ಲ. ಕೆಲವು ವರ್ಷಗಳ ಹಿಂದೆ ಒಂದು ದಾರಿ ಕಂಡುಕೊಂಡರು. ಹಳೆಯದನ್ನು ಅಳಿಸಲಿಲ್ಲ. ಈಗಿನ ಕಲಾವಿದರಿಂದ ಹೊಸ ಚಿತ್ರ ಬರೆಸಿ ಹಳೆಯದರ ಮುಂದೆ ತೂಗುಹಾಕಿದರು, ಬೇಕಾದಾಗ ತೆಗೆಯೋಕೆ ಬರುವ ಹಾಗೆ. 2024ರ ಜನವರಿಯಲ್ಲಿ ಆ ಸಭಾಂಗಣದ ಏಳಕ್ಕೆ ಏಳೂ ಸ್ಥಾನಗಳಲ್ಲಿ ಹೆಂಗಸರೇ ಕೂತರು. ನಾರ್ಟನ್ ಬರೆದಾಗ ಇದನ್ನು ಊಹಿಸಿರಲಾರ.

ಕೋರ್ಟು ಅಂದ ಮೇಲೆ ಒಂದಾದರೂ ಕೇಸಿನ ಕಥೆ ಬೇಕು ಅಂತೀರಾ? ಆಗ ಸೇಂಟ್ ಪಾಲ್ ದರೋಡೆಕೋರರ ತವರುಮನೆ. ಊರೊಳಗೆ ಗಲಾಟೆ ಮಾಡಬೇಡಿ, ಪೊಲೀಸರಿಗೆ ಪಾಲು ಕೊಡಿ, ಆರಾಮಾಗಿರಿ ಅನ್ನೋ ಒಳ ಒಪ್ಪಂದ ವರ್ಷಗಟ್ಟಲೆ ನಡೆದಿತ್ತು. 1934ರ ಮಾರ್ಚ್ 31ರಂದು ಲೆಕ್ಸಿಂಗ್ಟನ್ ರಸ್ತೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಜಾನ್ ಡಿಲಿಂಜರ್ ಅನ್ನೋ ಕುಖ್ಯಾತ ಬ್ಯಾಂಕ್ ದರೋಡೆಕೋರ ಮೆಷಿನ್ ಗನ್ ಹಾರಿಸುತ್ತಾ ಹಿಂಬಾಗಿಲಿಂದ ಪರಾರಿಯಾದ. ಊರಲ್ಲಿ ಅಪರಾಧ ಅಂಥದ್ದೇನೂ ಹದಗೆಟ್ಟಿಲ್ಲ ಅಂತ ವಿಚಾರಣಾ ಮಂಡಳಿಯೊಂದು ವರದಿ ಕೊಟ್ಟದ್ದೂ ಅದೇ ಹೊತ್ತಿಗೆ. ಹೊಸ ಕಟ್ಟಡ, ಹೊಸ ಮಾರ್ಬಲ್ಲು, ಹಳೇ ಬುದ್ಧಿ.

ಸಭೆಯಲ್ಲೊಬ್ಬರು ಕೇಳಿದರು: ಈಗ ಅದರ ಸ್ಥಿತಿ ಹೇಗಿದೆ? ಚೆನ್ನಾಗಿದೆ. 1983ರಲ್ಲಿ ರಾಷ್ಟ್ರೀಯ ಪಾರಂಪರಿಕ ಪಟ್ಟಿಗೆ ಸೇರಿತು. 1990ರ ದಶಕದ ಮೊದಲ ವರ್ಷಗಳಲ್ಲಿ ಪೂರ್ತಿ ದುರಸ್ತಿ ಮಾಡಿದರು. ಮೊದಲು ಕಟ್ಟೋಕೆ ಆದದ್ದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಡಾಲರ್ ಅದಕ್ಕೇ ಆಯಿತು. ಎದುರುಗಡೆ, ನದಿಯ ದಿಬ್ಬದ ಇಳಿಜಾರಿನಲ್ಲಿ, 1970ರ ದಶಕದ ಕೊನೆಗೆ ಕೌಂಟಿ ಜೈಲು ಕಟ್ಟಿದ್ದರು. ಮಿಸಿಸಿಪ್ಪಿಯ ಊರಲ್ಲೇ ಒಳ್ಳೆಯ ನೋಟ ಕೈದಿಗಳಿಗೆ! ಆಮೇಲೆ ಅದನ್ನು ಕೆಡವಿದರು.

ಇನ್ನೊಬ್ಬರು, ಹಿರಿಯರು, ಎದ್ದು ಕೇಳಿದರು: ಆ ಮೂರ್ತಿ ತಿರುಗುತ್ತೆ ಅಂತ ಎಲ್ಲೋ ಓದಿದ್ದೆ, ನಿಜವಾ?

ನಿಜ. ಅದನ್ನೇ ಹೇಳೋದು ಮರೆತಿದ್ದೆ. 60 ಟನ್ನಿನ ಮೂರ್ತಿಯ ಪೀಠದ ಕೆಳಗೆ ಯಂತ್ರ ಇದೆ. ಎಡಕ್ಕೆ 66 ಡಿಗ್ರಿ, ಬಲಕ್ಕೆ 66 ಡಿಗ್ರಿ. ಒಂದು ತುದಿಯಿಂದ ಇನ್ನೊಂದಕ್ಕೆ ಹೋಗೋಕೆ ಸುಮಾರು ಎರಡೂವರೆ ಗಂಟೆ. ಅಂದರೆ ಗಡಿಯಾರದ ನಿಮಿಷದ ಮುಳ್ಳಿಗಿಂತಲೂ ನಿಧಾನ. ಆವತ್ತು ಆ ಚಳಿಯಲ್ಲಿ ಬಸ್ಸಿಗೆ ಕಾಯುತ್ತಾ ನಾನು ಅಲ್ಲೇ ಬೆಂಚಿನ ಮೇಲೆ ಹತ್ತು ನಿಮಿಷ ಅವನನ್ನೇ ನೋಡುತ್ತಾ ಕೂತಿದ್ದೆ. ಅಲುಗಿದ್ದು ಕಾಣಲೇ ಇಲ್ಲ. ಕೈ ಸ್ವಲ್ಪ ಬಿಸಿಯಾಯಿತು. ಮೇಲೆ ಹೋಗಿ ಮರದ ಗೋಡೆ, ಚಿತ್ರ ಎಲ್ಲ ಸುತ್ತಾಡಿ, ಕಾಫಿ ಕುಡಿದು ಕೆಳಗೆ ಬಂದೆ. ನಾನು ಹೋದಾಗ ನನ್ನ ಕಡೆ ಮುಖ ಮಾಡಿದ್ದವನು ಈಗ ಬೆನ್ನೂ ಅಲ್ಲ, ಮುಖವೂ ಅಲ್ಲ, ಒಂದು ಕಿವಿ, ಚಾಚಿದ ಕೈ ತೋರಿಸುತ್ತಾ ಆಚೆ ಗೋಡೆಯ ಹೆಸರುಗಳ ಕಡೆ ತಿರುಗಿದ್ದ. ಬಸ್ಸು ಆಗಲೂ ಬಂದಿರಲಿಲ್ಲ.